ಬಾಗಿಲಲ್ಲಿ ಕೆಮ್ಮುವ ಅಣ್ಣನಿಗೆ

ವಿಶಾಲಣ್ಣಾ,

ರಾತ್ರಿ ಮೂರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಸಾನ್ವಿಯ ಹಾಲಿನ ಪಾತ್ರೆಗೆ ಮುಚ್ಚಿದ್ದ ಸ್ಟೀಲ್ ತಟ್ಟೆಯ ಮೇಲೆ ಫೋನ್ ಇಟ್ಟು ಮಲಗಿದ್ದೆ. ಅದು ಗರಗರ ನಡುಗಿತು, ತಟ್ಟೆಯೂ ಅದರ ಜೊತೆ ನಡುಗಿತು. ಎದ್ದು ಕೈ ಚಾಚುವಷ್ಟರಲ್ಲಿ ನಿಂತೇಹೋಯಿತು. ನಿನ್ನ ಹೆಸರಿತ್ತು. ತಿರುಗಿ ಹಚ್ಚಿದೆ, ಸ್ವಿಚ್ ಆಫ್. ಆಗಿನಿಂದ ಎಷ್ಟು ಸಲ ಹಚ್ಚಿದ್ದೇನೋ ಗೊತ್ತಿಲ್ಲ. ಅದೇ ಹೆಣ್ಣು ದನಿ ಅದೇ ಮಾತು ಹೇಳುತ್ತದೆ.

ನಿಮ್ಮ ಮನೆಗೆ, ವೈನಿಗೆ ಫೋನ್ ಮಾಡಿದೆ. “ಉಂಡು, ಶೆಡ್ಡಿಗೆ ಕೀಲಿ ಹಾಕಿ ಬರ್ತೀನಿ ಅಂತ ಹ್ವಾದ್ರು, ಇನ್ನೂ ಬಂದಿಲ್ಲ. ನಿಮ್ಮ ಮನಿಗೆ ಬಂದಾರೇನವಾ?” ಎಂದು ನನ್ನನ್ನೇ ಕೇಳಿದರು. ನಮ್ಮ ಮನೆಯವರು ಆಗಲೇ ಧಾರವಾಡ ಬಿಟ್ಟು ಬೈಕಿನ ಮೇಲೆ ಹುಬ್ಬಳ್ಳಿ ಕಡೆಗೆ ಹೊರಟಿದ್ದಾರೆ. ಹೊರಡುವಾಗ, “ಮೊದ್ಲ ಉಣಕಲ್ ಕೆರಿ ದಂಡ್ಯಾಗ ನೋಡಿ, ಆಮ್ಯಾಲೆ ಗೋಕುಲ ರೋಡಿನ ಶೆಡ್ಡಿಗೆ ಹೋಗ್ತೀನಿ” ಎಂದರು. ಕೆರೆಯ ಮಾತನ್ನು ನಾನು ತೆಗೆದಿರಲಿಲ್ಲ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮ ಶಾವಿಗೆ ಶೆಡ್ಡಿನ ಮಗ್ಗುಲಲ್ಲಿ ಲೇತ್ ನಡೆಸುವ ಜುಲ್ಫಿಕಾರ ಭಾಯಿಯನ್ನೂ ಎಬ್ಬಿಸಿದೆ. ನಿನ್ನೆ ಸಂಜೆ ಶೆಡ್ ಮಾಲೀಕರ ಸಂಘದ ಮೀಟಿಂಗಿನಲ್ಲಿ ಏನಾಯಿತು ಎನ್ನುವುದು ಅವರಿಂದ ಗೊತ್ತಾಯಿತು. ನಿಂತ ಎದೆಬಡಿತಕ್ಕೆ ಶಾಕ್ ಕೊಟ್ಟು ಎಬ್ಬಿಸುವ ಮಷೀನ್ ಮಾರಿದವರು ಬಂದು, ಆ ಹಳದಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, ಎಲ್ಲರೆದುರು ಹೇಳಿದರಂತೆ: “ಇದಕ್ಕ ಏನೂ ಆಗಿಲ್ರಿ ಸರ. ಬ್ಯಾಟರಿ ಛಲೋ ಐತಿ, ಎಲ್ಲಾ ಚೆಕ್ ಮಾಡೇವಿ. ಪ್ಯಾಡ್ ಮೈಗೆ ಹತ್ತಿಲ್ಲ, ಉಟ್ಟ ಅರಿವಿಗೆ ಹತ್ಯಾವು.” ನೀನು ಚಹಾ ಕುಡಿಯದೆ ಕಪ್ಪು ಕೆಳಗಿಟ್ಟು ಎದ್ದು ಹೋದೆಯಂತೆ.

ಕೂಸು ಎದೆಗೆ ಹತ್ತಿದೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ನೀನು ಫೋನ್ ಚಾಲೂ ಮಾಡಿದ ಕೂಡಲೇ ಇದು ನಿನಗೆ ಮುಟ್ಟುತ್ತದೆ ಎಂಬ ಒಂದೇ ಆಸೆ ನನಗಿರುವುದು. ಪೂರ್ತಿ ಓದು. ನಡುವೆ ನಿಲ್ಲಿಸಬೇಡ.

ಅವ್ವ ಹೋಗಿ ಎರಡು ತಿಂಗಳಾಯಿತು. ಬಂದವರಿಗೆಲ್ಲ ನೀನು ಒಂದೇ ಮಾತು ಹೇಳುತ್ತಾ ಬಂದೆ: “ಮಷೀನ್ ಕೈ ಕೊಡ್ತು.” ನನಗೂ ಅದನ್ನೇ ಹೇಳಿದೆ. ಆಮೇಲೆ ಮೂರು ಬೇರೆ ಬೇರೆ ಮಷೀನುಗಳ ಮಾಹಿತಿ ಕಳಿಸಿ ಬರೆದೆ: “ದಾಕ್ಷಿ, ನೀ ಓದಿದಾಕಿ. ಯಾವುದು ತಗೊಳ್ಳೋದು ಹೇಳು. ಈ ಸಲ ತಪ್ಪಬಾರದು.” ನಾನು ರಾತ್ರಿಯೆಲ್ಲ ಕೂಸಿಗೆ ಹಾಲು ಕುಡಿಸುತ್ತ ಅದನ್ನೇ ಓದಿದೆ. ಯಾವುದು ಕನ್ನಡದಲ್ಲಿ ಮಾತಾಡುತ್ತದೆ, ಯಾವುದರೊಳಗೆ ಹಿಟ್ಟಿನ ಧೂಳು ಹೋಗುವುದಿಲ್ಲ, ಪ್ಯಾಡುಗಳಿಗೆ ಎಷ್ಟು ವರ್ಷ ಆಯುಷ್ಯ, ಸಣ್ಣ ಮಕ್ಕಳಿಗೆ ಹಚ್ಚಲು ಬರುತ್ತದೆಯೋ ಇಲ್ಲವೋ, ಕೆಟ್ಟರೆ ರಿಪೇರಿಯವರು ಹುಬ್ಬಳ್ಳಿಯಲ್ಲಿದ್ದಾರೋ ಬೆಂಗಳೂರಿನಿಂದ ಬರಬೇಕೋ. ಎಲ್ಲ ತಿಳಿದುಕೊಂಡೆ. ಆದರೆ ಉತ್ತರ ಕೊಡಲಿಲ್ಲ. ಕೂಸಿಗೆ ಜ್ವರ ಎಂದೆ, ನಿದ್ದೆಯಿಲ್ಲ ಎಂದೆ. ಖರೇ ಕಾರಣ ಬೇರೆ ಇತ್ತು. ಹೋದ ವಾರ, ಶೆಡ್ಡಿನಲ್ಲಿ ಅವ್ವನ ಜೊತೆ ಶಾವಿಗೆ ಮಾಡುತ್ತಿದ್ದ ಹುಲಿಗೆವ್ವ ಬಂದಿದ್ದಳು.

ಸಾನ್ವಿಯನ್ನು ನೋಡಲು ಬಂದೆ ಎಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಆಮೇಲೆ ತಾನಾಗಿಯೇ ಶುರು ಮಾಡಿದಳು. “ಯಾರ್ನೂ ಬೈಬ್ಯಾಡ ಯವ್ವಾ. ಉಳದ ಹೆಣ್ಣಮಕ್ಕಳು ಉಣ್ಣಾಕ ಬೇವಿನ ಗಿಡದ ಬುಡಕ ಹೋಗಿದ್ರು. ನಿಮ್ಮವ್ವ ಶಾವಿಗಿ ಹಾಸೂಮುಂದ ‘ಯಾಕೋ ಕಣ್ಣಿಗೆ ಕತ್ತಲಿ ಬಂತು ನೋಡ’ ಅಂದ್ಲು, ಹಸಿ ಶಾವಿಗಿ ಮ್ಯಾಲೇ ಬಿದ್ಲು. ನಾ ಓಡಿ ಹ್ವಾದೆ. ಏನ್ ಮಾಡಿದೆ ಗೊತ್ತೇನ? ಜಾರಿದ ಸೆರಗು ಸರೀ ಮಾಡಿದೆ. ಅಷ್ಟ ಮಾಡಿದ್ದು ನಾ.”

ಪೆಟ್ಟಿಗೆ ಲಗೂನೇ ಬಂತಂತೆ. ನೀನು, ಜುಲ್ಫಿಕಾರ ಭಾಯಿ ಇಬ್ಬರೂ ಓಡಿ ಬಂದಿರಂತೆ. ಮುಚ್ಚಳ ತೆಗೆದ ಕೂಡಲೇ ಅದು ಮಾತಾಡತೊಡಗಿತು, ಎದೆ ಬರಿ ಮಾಡಿ ಎಂದಿತು. ಭಾಯಿ ನಿನಗೆ, “ನಾ ಹೊರಗಿನಾಂವ ವಿಶಾಲಭಾಯ್, ನೀವು ಮಗ ಇದ್ದೀರಿ, ನೀವಽ ಕುಪ್ಪಸ ತಗೀರಿ” ಎಂದು ಹೇಳಿ, ಬಾಗಿಲಲ್ಲಿ ಗುಂಪು ಕೂಡಿದವರನ್ನು ಹೊರಗೆ ನೂಕಿ, ತಾವೂ ಗೋಡೆಗೆ ಮುಖ ಮಾಡಿ ನಿಂತರಂತೆ. ಮಷೀನಿನ ಚೀಲದಲ್ಲಿ ಕತ್ತರಿಯಿತ್ತು. ಅದು ನಿನ್ನ ಕೈಯಲ್ಲೂ ಇತ್ತು.

ಆಗ ನೀನು ಒಂದು ಸಲ ಕೆಮ್ಮಿದೆಯಂತೆ.

ಹುಲಿಗೆವ್ವನಿಗೆ ಅದು ಅರ್ಥವಾಗಿಲ್ಲ. “ಧೂಳಿಗೆ ಕೆಮ್ಮಿದನೇನೋ” ಎಂದಳು. ನನಗೆ ಅರ್ಥವಾಯಿತು, ಅಣ್ಣಾ. ನಾನು ಒಳಕೋಣೆಗೆ ಹೋಗಿ ದಿಂಬಿಗೆ ಬಾಯಿ ಒತ್ತಿ ಅತ್ತೆ.

ಒಂದೇ ಕೋಣೆಯ ಮನೆಯಲ್ಲಿ ಬೆಳೆದವರು ನಾವು. ಅವ್ವ ಜಳಕ ಮಾಡಿ ಸೀರೆ ಉಡುವುದೂ ಅಲ್ಲೇ, ನಾವು ಸಾಲಿಯಿಂದ ಬಂದು ಚೀಲ ಮೂಲೆಗೆ ಒಗೆಯುವುದೂ ಅಲ್ಲೇ. ನಿನಗಿನ್ನೂ ಮೀಸೆ ಚಿಗುರುವ ಮೊದಲೇ ಕಲಿಸಿದ್ದಳು: “ಗಂಡ್ಸಿದ್ದಿ, ಕೆಮ್ಮಿ ಒಳಗ ಬಾ.” ನೀನು ಕೆಮ್ಮದೆ ಒಳಗೆ ಬಂದ ದಿನ ಲಟ್ಟಣಿಗೆ ಹಿಡಿದು ಓಣಿಯ ತುದಿಯವರೆಗೆ ಓಡಿಸಿದ್ದಳು. ಇಂದಿಗೂ ನಮ್ಮ ಮನೆಗೆ ಬಂದರೆ ಹೊಸ್ತಿಲಲ್ಲಿ ನಿಂತು ಕೆಮ್ಮುತ್ತೀ. ಇವರು ನಗುತ್ತಾರೆ: “ನಿಮ್ಮಣ್ಣಗ ಬೆಲ್ ಒತ್ತಾಕ ಬರೂದಿಲ್ಲೇನ?”

ಅಂಥ ಅವ್ವನ ಕುಪ್ಪಸದ ಗಂಟಿಗೆ ನೀನು ಕೈ ಹಾಕಬೇಕಾಗಿತ್ತು. ಜ್ವರ ಬಂದಾಗ ಡಾಕ್ಟರಿಗೆ ಬೆನ್ನು ಕೊಟ್ಟು ಕೂಡುತ್ತಿದ್ದವಳು. ನಾನು ಶೆಡ್ಡಿನಲ್ಲಿ ಸಾನ್ವಿಗೆ ಹಾಲು ಕುಡಿಸಿದರೆ ತನ್ನ ಸೆರಗನ್ನೇ ಪರದೆ ಮಾಡಿ ಹಿಡಿಯುತ್ತಿದ್ದವಳು. ಎದೆಯ ಮೇಲೆ ಲಿಂಗ ಬೇರೆ ಇತ್ತು. ಅದನ್ನು ಮೈಯಿಂದ ಅಗಲಿಸಬಾರದು ಎಂದು ನಮಗೆ ಅನ್ನದ ಜೊತೆ ಕಲಿಸಿದವಳೂ ಅವಳೇ. ಕತ್ತರಿ ಕೆಳಗಿಟ್ಟು ಎರಡೂ ಪ್ಯಾಡನ್ನು ಕುಪ್ಪಸದ ಮೇಲೆಯೇ ಅಂಟಿಸಿ, ಮೇಲೆ ಸೆರಗು ಮುಚ್ಚಿದೆ. ಪ್ಯಾಡ್ ನೋಡಿರಿ, ಪ್ಯಾಡ್ ನೋಡಿರಿ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತಂತೆ. ನಿನಗೆ ಇಂಗ್ಲಿಷ್ ಬರುತ್ತದೆ. ನಿನ್ನ ಕೈ ತಡೆದದ್ದು ಭಾಷೆಯಲ್ಲ. ಆಂಬುಲೆನ್ಸಿನವರು ಬರುವವರೆಗೆ ಸೆರಗಿನ ಮೇಲಿಂದಲೇ ಎದೆ ಒತ್ತುತ್ತಾ ಇದ್ದೆ. ಅವರು ಬಂದು, ಯಾರನ್ನೂ ಕೇಳದೆ, ಕುಪ್ಪಸ ಕತ್ತರಿಸಿದರು. ಅಷ್ಟರಲ್ಲಿ ಎಬ್ಬಿಸಲು ಏನೂ ಉಳಿದಿರಲಿಲ್ಲ.

ಸರಿಯಾಗಿ ಹಚ್ಚಿದ್ದರೆ ಬದುಕುತ್ತಿದ್ದಳೇ? ಡಾಕ್ಟರನ್ನು ಕೇಳಿದೆ. ಬದುಕಬಹುದಿತ್ತು, ಖಚಿತ ಹೇಳಲಾಗದು ಎಂದರು. ನಿನಗೆ ಸುಳ್ಳು ಹೇಳುವುದಿಲ್ಲ. ಬದುಕಬಹುದಿತ್ತು. ಈ ಮಾತು ಹೊತ್ತುಕೊಂಡು ನೀನೂ ಇರಬೇಕು, ನಾನೂ ಇರಬೇಕು. ಆದರೆ ಇರಬೇಕು. ಹೋಗಬಾರದು.

ನೀನು ಹೇಡಿಯಾಗಿದ್ದಕ್ಕೆ ಅವ್ವ ಸತ್ತಳು ಎಂದು ಈ ರಾತ್ರಿ ಎಲ್ಲೋ ಕುಳಿತು ಲೆಕ್ಕ ಹಾಕುತ್ತಿದ್ದೀಯ. ನನಗೆ ಗೊತ್ತು. ಹೇಡಿಯಾದವನು ಓಡಿ ಬರುತ್ತಿರಲಿಲ್ಲ. ಹೋದ ವರ್ಷ ಭಾಯಿಯ ಕೆಲಸಗಾರ ಯಮನಪ್ಪ ಲೇತಿನ ಮುಂದೆಯೇ ಕುಸಿದು ಸತ್ತಾಗ, ಆಸ್ಪತ್ರೆಯಲ್ಲಿ ಇರುವಂಥ ಮಷೀನ್ ನಮ್ಮ ಸಾಲಿನ ಶೆಡ್ಡುಗಳಿಗೂ ಬೇಕು ಎಂದು ಮಾಲೀಕರೆಲ್ಲರ ಬೆನ್ನು ಹತ್ತಿದವನು ನೀನು. ಖಂಡೇನವಮಿಯ ಆಯುಧಪೂಜೆಯಲ್ಲಿ ಅವ್ವ ಅದಕ್ಕೂ ವಿಭೂತಿ ಹಚ್ಚಿ, ಹೂ ಏರಿಸಿ, “ಇದನ್ನ ನನಗೇನು ಹಚ್ಚಬ್ಯಾಡ್ರೆಪಾ, ಶಾಕ್ ಹೊಡದಽ ಸಾಯ್ತೀನಿ” ಎಂದು ಎಲ್ಲರನ್ನೂ ನಗಿಸಿದ್ದಳು. ನೀನೂ ನಕ್ಕಿದ್ದೆ. ಅವ್ವ ಬಿದ್ದ ದಿನ ನೀನು ಮಾಡಿದ್ದು ಅವಳು ಜೀವನಪೂರ್ತಿ ಕಲಿಸಿದ್ದನ್ನೇ. ಅವಳಿಗೆ ಎಚ್ಚರವಿದ್ದಿದ್ದರೆ ನಿನ್ನ ಕೈ ಮೇಲೆ ಹೊಡೆಯುತ್ತಿದ್ದಳು. ಎಚ್ಚರವಿಲ್ಲದ ಅವ್ವನ ಮಾತನ್ನೂ ನೀನು ಮೀರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ನಿನ್ನ ಮೇಲೆ ಬರುವುದಿಲ್ಲ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಹೊಸದು ಬೇಡ. ಹಳೆಯದೇ ಇರಲಿ, ಅದರಲ್ಲಿ ದೋಷವಿಲ್ಲ. ಹೊಸ ಪ್ಯಾಡ್ ತರಿಸು, ಇನ್ನೊಂದು ಜೋಡಿ ಹೆಚ್ಚಿಗೆ ಇರಲಿ. ಅದನ್ನು ಲೇತ್ ಶೆಡ್ಡಿನ ಗೋಡೆಯಿಂದ ಕಿತ್ತು, ಹೆಣ್ಣುಮಕ್ಕಳು ದಿನಾ ಓಡಾಡುವ ನಮ್ಮ ಶೆಡ್ಡಿನ ಬಾಗಿಲ ಹತ್ತಿರ ಹಾಕಿಸು, ಕೀಲಿಯಿಲ್ಲದೆ. ಸಂಘದವರು ಮತ್ತೊಂದು ಕೊಳ್ಳಲೇಬೇಕು ಎಂದರೆ ಕನ್ನಡ ಮಾತಾಡುವುದನ್ನು ಕೊಳ್ಳಿರಿ. ನಿನಗಾಗಿ ಅಲ್ಲ, ಹುಲಿಗೆವ್ವನಿಗಾಗಿ. ಆದರೆ ಯಾವ ಮಷೀನೂ ಕುಪ್ಪಸ ಬಿಚ್ಚುವುದಿಲ್ಲ. ಅದನ್ನು ಕಲಿಸುವವರು ಬಂದಾಗ ಗಂಡಸಿನ ಗೊಂಬೆ ತರುತ್ತಾರೆ, ಬರೀ ಎದೆಯ ರಬ್ಬರ್ ಗೊಂಬೆ. ಅದಕ್ಕೆ ಅವ್ವನ ಇಳಕಲ್ ಸೀರೆ ಉಡಿಸು, ಕುಪ್ಪಸ ತೊಡಿಸಿ ಗಂಟು ಹಾಕು. ಕೊರಳಿಗೆ ಲಿಂಗದ ದಾರ ಕಟ್ಟು. ದಾರ ಹರಿಯುವುದು ಬೇಡ, ಪ್ಯಾಡ್ ಹಚ್ಚುವ ಜಾಗದಿಂದ ಸರಿಸಿದರೆ ಸಾಕು ಎಂಬುದನ್ನು ಎಲ್ಲರೂ ಕಣ್ಣಾರೆ ನೋಡಲಿ. ಹುಲಿಗೆವ್ವ ಕತ್ತರಿ ಹಿಡಿಯಲಿ. ಜುಲ್ಫಿಕಾರ ಭಾಯಿಯೂ ಗೋಡೆ ಬಿಟ್ಟು ಈ ಕಡೆ ತಿರುಗಲಿ. ನೀನೂ ಮಾಡು. ಕೆಮ್ಮು ಬರುತ್ತದೆ. ಬರಲಿ, ಮಾಡು. ಇದನ್ನು ನಿನ್ನಷ್ಟು ಯಾರೂ ಮನಸ್ಸಿಗೆ ಹಚ್ಚಿಕೊಂಡು ಕಲಿಸಲಾರರು.

ಇನ್ನೊಂದು ಮಾತು. ಇದನ್ನು ಬರೆಯಲು ನನಗೂ ನಾಚಿಕೆ, ಆದರೂ ಬರೆಯುತ್ತೇನೆ. ನಮ್ಮ ವಂಶದಲ್ಲಿ ಈ ಎದೆಯ ಕಾಯಿಲೆ ಇರಬಹುದು, ಮಕ್ಕಳಿಬ್ಬರೂ ಎದೆ ತೋರಿಸಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದಾರೆ. ನಾನು ಎಲ್ಲಿ ಬಿದ್ದರೂ, ದುರ್ಗದಬೈಲಿನ ನಡು ಬಜಾರಿನಲ್ಲಿ ಬಿದ್ದರೂ, ಸುತ್ತ ಯಾರು ನಿಂತಿದ್ದಾರೆ ಎಂದು ನೋಡಬೇಡ. ಕೆಮ್ಮಬೇಡ. ಕತ್ತರಿ ಸಿಗದಿದ್ದರೆ ಕೈಯಿಂದ ಹರಿ. ನಾನು, ನಿನ್ನ ಒಡಹುಟ್ಟಿದ ತಂಗಿ ದಾಕ್ಷಾಯಿಣಿ, ಪೂರಾ ಎಚ್ಚರದಲ್ಲಿದ್ದು ನಿನಗೆ ಈ ಅಪ್ಪಣೆ ಕೊಡುತ್ತಿದ್ದೇನೆ. ಸಾನ್ವಿ ದೊಡ್ಡವಳಾದ ಮೇಲೆ ಅವಳಿಗೂ ಇದನ್ನೇ ಹೇಳಿಕೊಡುತ್ತೇನೆ. ಹೇಳು, ನೀನಿಲ್ಲದಿದ್ದರೆ ನಾನು ಬಿದ್ದಾಗ ಓಡಿ ಬರುವವರು ಯಾರು? ಅಪ್ಪನಿಲ್ಲ, ಅವ್ವ ಹೋದಳು. ತವರು ಎಂದರೆ ನೀನೊಬ್ಬನೇ.

ಹಾಲಿನ ಗಾಡಿಯ ಸದ್ದು ಕೇಳುತ್ತಿದೆ. ಇವರ ಫೋನ್ ಇನ್ನೂ ಬಂದಿಲ್ಲ. ನಾನು ಕಳಿಸಿದ ಮೆಸೇಜುಗಳ ಮುಂದೆ ಒಂದೇ ಟಿಕ್ ಗೀರು ಇದೆ, ಎರಡನೆಯದು ಮೂಡಿಲ್ಲ. ತಟ್ಟೆಯ ಮೇಲೆಯೇ ಫೋನ್ ಇಡುತ್ತೇನೆ, ಸದ್ದು ತಪ್ಪಬಾರದು ಎಂದು.

ಬೆಳಗಾಗುವುದರೊಳಗೆ ಒಂದು ಫೋನ್ ಮಾಡು ಅಣ್ಣಾ. ನಿನ್ನ ಕಾಲು ಹಿಡಿಯುತ್ತೇನೆ. ಏನೂ ಹೇಳಬೇಡ, ನಾನೂ ಏನೂ ಕೇಳುವುದಿಲ್ಲ. ಎಲ್ಲಿದ್ದೀಯೋ ಅಲ್ಲಿ ನಿನ್ನ ಜೀವ ತಣ್ಣಗಿರಲಿ. ನಾನು ಫೋನ್ ಎತ್ತಿದ ಕೂಡಲೇ, ಬಾಗಿಲಲ್ಲಿ ನಿಂತವನ ಹಾಗೆ, ಒಂದು ಸಲ ಕೆಮ್ಮು. ಅಷ್ಟು ಸಾಕು. ನೀನೇ ಎಂದು ನನಗೆ ಗೊತ್ತಾಗುತ್ತದೆ.

ಬಾಗಿಲಿಗೆ ಅಗುಳಿ ಹಾಕದೆ ಕುಳಿತಿರುವ
ನಿನ್ನ ದಾಕ್ಷಿ