ಹಳ್ಳದ ಆಚೆ ಮತ ಹಾಕುತ್ತಿದ್ದ ದಿನ

ಸಂಗವಾಡ,
ಫೆಬ್ರುವರಿ ೩೦, ೨೧೭೧

ನಮಗಿಂತ ಮೊದಲು ಈ ನೆಲದ ಮೇಲೆ ಬಾಳುತ್ತಿರುವ ನಿಮಗೆ,

ಮೇಲಿನ ತಾರೀಕು ಬರೆಯುವಾಗ ಕೈ ತಪ್ಪಿತೆಂದು ತಿಳಿಯಬೇಡಿ. ನಮ್ಮ ಕ್ಯಾಲೆಂಡರ್ ತಿದ್ದಿದವರು ತಿಂಗಳುಗಳಿಗೆ ದಿನಗಳನ್ನು ಹೊಸದಾಗಿ ಹಂಚಿದರು. ನಿಮ್ಮ ಕಾಲದಲ್ಲಿ ಬಡವಾಗಿದ್ದ ಫೆಬ್ರುವರಿಗೂ ಈಗ ಮೂವತ್ತು ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕವನ ಸಂಕಲನಗಳಿಂದ. ಚುನಾವಣೆ, ಕ್ಷೇತ್ರ, ಗಡಿ ಮುಂತಾದವನ್ನು ಹೇಳುವುದಕ್ಕೆ ಆ ಭಾಷೆ ಎಷ್ಟು ಒದಗುತ್ತದೋ ತಿಳಿಯದು.

ಇವತ್ತು ಮತದಾನ. ಈಗ ಹಗಲುಮುಚ್ಚು ನಡೆದಿದೆ. ಬೆಳಗಿನ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಯಲುಸೀಮೆಯಲ್ಲಿ ಯಾರೂ ಹೊರಗೆ ತಿರುಗಬಾರದೆಂಬ ನಿಯಮಕ್ಕೆ ನಾವು ಇಟ್ಟುಕೊಂಡ ಹೆಸರು ಅದು. ಬಿಸಿಲು ಅಷ್ಟು ಕಠಿಣವಾಗಿದೆ. ಹೊಲದ ಕೆಲಸ ನಸುಕಿನಲ್ಲಿ, ಶಾಲೆ ಬೆಳಿಗ್ಗೆ, ಸಂತೆ ಸಂಜೆಗೆ. ಊರಿಂದ ಊರಿಗೆ ಹೋಗುವವರು ನೆರಳುಗಾಲುವೆಯ ಪಕ್ಕದಲ್ಲಿ ನಡೆಯುತ್ತಾರೆ. ನೀರು ಆರದಿರಲೆಂದು ಕಾಲುವೆಗಳ ಮೇಲೆ ಹೊದಿಸಿದ ಬಿಸಿಲುಫಲಕಗಳು ಬದುವಿಗೂ ಒಂದಿಷ್ಟು ನೆರಳು ಚೆಲ್ಲುತ್ತವೆ. ಹನ್ನೊಂದಕ್ಕೆ ನೀವು ಯಾರ ಮನೆಯಲ್ಲಿರುತ್ತೀರೋ ನಾಲ್ಕರವರೆಗೆ ಆ ಮನೆಯವರೇ ನೀವು. ಅವರು ಉಂಡದ್ದನ್ನು ಉಣ್ಣಬೇಕು, ಅವರ ಕೂಸನ್ನು ತೂಗಬೇಕು, ಅವರ ಜಗಳದಲ್ಲಿ ಯಾರದೋ ಒಬ್ಬರ ಪಕ್ಷ ಹಿಡಿಯಬೇಕು. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ.

ನಮ್ಮೂರಿಗೂ ಎದುರಿನ ಕಲಗನಾಳಕ್ಕೂ ನಡುವೆ ಒಂದು ಹಳ್ಳವಿದೆ. ಯಾವುದೋ ಹಳೆಯ ಚುನಾವಣೆಯಲ್ಲಿ ಕಳ್ಳಮತದ ಮಾತೆದ್ದು ಎರಡೂ ಊರುಗಳು ಬಡಿದಾಡಿಕೊಂಡವಂತೆ. ಬೇಸತ್ತ ಅಧಿಕಾರಿಯೊಬ್ಬರು ಸಂಗವಾಡದ ಮತಗಟ್ಟೆಯನ್ನು ಕಲಗನಾಳದ ಶಾಲೆಯಲ್ಲೂ ಕಲಗನಾಳದ್ದನ್ನು ಸಂಗವಾಡದಲ್ಲೂ ಇಟ್ಟರು. ಪರಊರಿನಲ್ಲಿ ಯಾರೂ ತೋಳು ಏರಿಸಲಾರರು ಎಂಬುದು ಅವರ ಲೆಕ್ಕಾಚಾರ. ಜಗಳ ಮರೆತುಹೋಯಿತು, ಅದಲುಬದಲು ಉಳಿಯಿತು. ನಾವು ನಸುಕಿಗೆ ಎದ್ದು ಅಲ್ಲಿಗೆ ಹೋಗುತ್ತಿದ್ದೆವು, ಅವರಲ್ಲಿ ಅರ್ಧ ಮಂದಿ ಇಲ್ಲಿಗೆ ಬರುತ್ತಿದ್ದರು. ಉಳಿದರ್ಧ ಮಂದಿ ನಮಗೆ ಅಡುಗೆ ಮಾಡಲು ಊರಲ್ಲೇ ನಿಂತು ಸಂಜೆ ಬಂದು ಮತ ಹಾಕುತ್ತಿದ್ದರು. ನಮ್ಮಲ್ಲೂ ಹಾಗೆಯೇ. ಸಾಲು ಕರಗುವ ಹೊತ್ತಿಗೆ ಹಗಲುಮುಚ್ಚಿನ ಗಂಟೆ. ಯಾವ ಪಕ್ಷಕ್ಕೆ ಮತ ಹಾಕಿದವರಾದರೂ ಆಮೇಲೆ ಒಂದೇ ಜಮಖಾನದ ಮೇಲೆ ಕಾಲು ಚಾಚಬೇಕು.

ನನ್ನ ದೊಡ್ಡಮ್ಮ ಗುರುಸಿದ್ದವ್ವ ಹದಿನೆಂಟು ತುಂಬಿದ ವರ್ಷದಿಂದ ಆ ಐದು ತಾಸುಗಳನ್ನು ಕಲಗನಾಳದ ಮಹಬೂಬಿಯ ಮನೆಯಲ್ಲೇ ಕಳೆದವಳು. ಮಹಬೂಬಿಯ ಪಾಳಿ ಯಾವಾಗಲೂ ಸಂಜೆಯದು. ಚಿಕ್ಕವಳಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಕತ್ತಲು ಮಾಡಿದ ಪಡಸಾಲೆ, ಒದ್ದೆ ಗೋಣಿತಟ್ಟಿನ ವಾಸನೆ, ತಟ್ಟೆಯಲ್ಲಿ ಗೋಧಿ ಬೆಲ್ಲದ ಮಾದಲಿ, ಅದರ ಮೇಲೆ ತುಪ್ಪ. ಇಬ್ಬರು ಹೆಂಗಸರು ಗೋಡೆಗೆ ಒರಗಿ ತಮ್ಮ ಸೊಸೆಯರನ್ನು ಬೈಯುವುದು, ನಗುವುದು. ಉಳಿದ ದಿನಗಳಲ್ಲಿ ಹಳ್ಳ ದಾಟಬಾರದೆಂದೇನೂ ಇರಲಿಲ್ಲ. ಎಂದಾದರೂ ಹೋಗಬಹುದು ಎಂಬ ಕಡೆಗೆ ನಾವು ಎಂದೂ ಹೋಗುವುದಿಲ್ಲ, ನಿಮ್ಮಲ್ಲೂ ಹಾಗೆಯೇ ಇರಬೇಕು.

ಎರಡು ವರ್ಷದ ಹಿಂದೆ ಉಸಿರೆಣಿಕೆ ಆಯಿತು. ನೀವು ಜನಗಣತಿ ಎನ್ನುವುದೇ ಅದು. ಬೇರೆ ರಾಜ್ಯಗಳ ಮುಂದೆ ನಮ್ಮ ಜನಸಂಖ್ಯೆ ಇನ್ನಷ್ಟು ಇಳಿದಿತ್ತು. ಲೋಕಸಭೆಯಲ್ಲಿ ನಮ್ಮ ರಾಜ್ಯದ ಪಾಲಿನ ಒಂದು ಸ್ಥಾನ ಹೋಯಿತು. ಒಂದು ಕುರ್ಚಿ ತೆಗೆಯುವುದೆಂದರೆ ಇಡೀ ಪಂಕ್ತಿಯವರು ಸರಿದು ಕೂರಬೇಕು. ಗಡಿಗಳನ್ನು ಗೀಚುವ ಗೆರೆಮಂಡಳಿಯವರು ಮೂರು ಕ್ಷೇತ್ರಗಳನ್ನು ಎರಡಾಗಿಸಲು ಹೊರಟು, ನಡುವಿನ ನಮ್ಮ ಕ್ಷೇತ್ರವನ್ನು ಸೀಳಿ ಒಂದು ಹೋಳನ್ನು ಬಡಗಣಕ್ಕೆ, ಇನ್ನೊಂದನ್ನು ತೆಂಕಣಕ್ಕೆ ಸೇರಿಸುವುದೆಂದು ಗೊತ್ತುಮಾಡಿದರು. ಸೀಳುಗೆರೆ ನಮ್ಮ ಹಳ್ಳದ ಮೇಲೇ ಹಾದಿತ್ತು. ಆದರೆ ಅವರು ಒರಟರಾಗಿರಲಿಲ್ಲ. ಎರಡರಲ್ಲಿ ಒಂದು ಊರು ಬಾಯಿಬಿಟ್ಟು ಕೇಳಿದರೂ ಸಾಕು, ಗೆರೆಯನ್ನು ಗುಡ್ಡದ ಆಚೆಗೆ ಸರಿಸಿ ಎರಡನ್ನೂ ಒಟ್ಟಿಗೆ ಇಡುತ್ತೇವೆ ಎಂದು ಮೊದಲೇ ಸಾರಿದ್ದರು.

ಅಹವಾಲು ಕೇಳುವುದು ಆಯಾ ಊರಿನ ಮತಗಟ್ಟೆಯಲ್ಲಿ. ಹಾಗಾಗಿ ಸಂಗವಾಡದವರಾದ ನಾವು ಕಲಗನಾಳದ ಶಾಲೆಗೆ ಹೋಗಿ ಕೂತೆವು. ಅಲ್ಲಿಯವರು ಎಂದಿನಂತೆ ಮಜ್ಜಿಗೆ ಕೊಟ್ಟರು, ಬೀಸಣಿಗೆ ಕೊಟ್ಟರು. ಮಂಡಳಿಯಿಂದ ಬಂದಿದ್ದ ತೇಜಾವತಿ ಎಂಬ ಅಧಿಕಾರಿ ನಕ್ಷೆ ಬಿಡಿಸಿ, ಊರಿನ ಪರವಾಗಿ ಮಾತಾಡಲು ಎದ್ದ ದೊಡ್ಡಮ್ಮನನ್ನು ಕೇಳಿದರು, “ನಿಮ್ಮದೇನಾದರೂ ತಕರಾರು ಇದೆಯಾ, ಅಜ್ಜಿ?”

“ಮಂದಿ ಮನಿಗೆ ಬಂದು ಕುಂತು ನಾವೇನ್ ಕೇಳೂದ್ರಿ? ಅವ್ರು ಹ್ಯಾಂಗ ಅಂತಾರ ಹಂಗ.”

“ಹಾಗಾದರೆ ತಕರಾರಿಲ್ಲ ಅಂತ ಬರೆದುಕೊಳ್ಳಲಾ?”

“ಬರ್ಕೋರಿ ಯವ್ವಾ. ಮೊದಲ ಮಜ್ಜಿಗಿ ಕುಡೀರಿ, ಬಿಸಿ ಆಗ್ತೈತಿ.”

ಹಿಂದಿನ ಸಾಲಿನಿಂದ ನಮ್ಮೂರಿನ ಪಂಪಣ್ಣ ಕೂಗಿದ, “ಏ ದೊಡ್ಡವ್ವಾ, ಪಂಕ್ತ್ಯಾಗ ಬ್ಯಾಡಬ್ಯಾಡ ಅಂದಂಗ ಅನಬ್ಯಾಡ! ಇವರು ಖರೇನ ಬುಟ್ಟಿ ಎತ್ತಿಕೊಂಡು ಹೋಗ್ತಾರ!”

ಎಲ್ಲರೂ ನಕ್ಕರು. ದೊಡ್ಡಮ್ಮ ಅವನನ್ನು ಗದರಿಸಿ ಕೂರಿಸಿದಳು. ಮರುದಿನ ನಮ್ಮ ಶಾಲೆಯಲ್ಲಿ ಕಲಗನಾಳದ ಸರದಿ. ಈ ಸಲ ನಾವು ಮಜ್ಜಿಗೆ ಕೊಟ್ಟೆವು. ಹಿಂದಿನ ದಿನ ಮನೆಯಲ್ಲೇ ಅಡುಗೆಗೆ ನಿಂತಿದ್ದ ಮಹಬೂಬಿ ಸೆರಗು ಸರಿಪಡಿಸಿಕೊಂಡು ಎದ್ದಳು. “ಗುರುಸಿದ್ದವ್ವ ನಿನ್ನೆ ಹೇಳ್ಯಾಳಲ್ರಿ? ಆಕಿದು ಏನೈತಿ, ನಮ್ದೂ ಅದ. ಮತ್ತ ಬ್ಯಾರೆ ಏನ್ ಹೇಳೂದು?” ಎಂದಳು. ಇಬ್ಬರೂ ಒಪ್ಪಿದ್ದಾರಲ್ಲ ಎಂದು ತೇಜಾವತಿ ಕೈಮುಗಿದು ಹೊರಟರು. ನಮ್ಮ ಕಡೆ ಬೇಡ ಎಂದವರಿಗೆ ಇನ್ನೊಮ್ಮೆ, ಮತ್ತೊಮ್ಮೆ ಬಡಿಸುತ್ತಾರೆಂಬುದನ್ನು ಆ ದೂರದ ನಗರದ ಹೆಣ್ಣುಮಗಳಿಗೆ ಯಾರು ಹೇಳಿಕೊಡಬೇಕಿತ್ತು?

ಅಂತಿಮ ನಕ್ಷೆ ಬಂದಾಗ ಗೆರೆ ಹಳ್ಳದ ಮೇಲೇ ಇತ್ತು. ಮಹಬೂಬಿ ಹಳ್ಳ ದಾಟಿ ಬಂದಳು.

“ನೀ ಕೇಳಿರತಿ ಅಂತ ನಾ ಸುಮ್ನಿದ್ದೆ,” ಎಂದಳು.

“ನೀ ಕೇಳತಿ ಅಂತ ನಾ,” ಎಂದಳು ದೊಡ್ಡಮ್ಮ.

ಇಬ್ಬರೂ ನಕ್ಕರು. ಮಹಬೂಬಿಯ ನಗು ಇನ್ನೂ ನಡೆದಿರುವಾಗಲೇ ದೊಡ್ಡಮ್ಮನದು ನಿಂತಿತು. ನಮ್ಮೂರಿನವರು ಮಂಡಳಿಯ ಕಚೇರಿಗೆ ಎರಡು ಸಲ ಹೋಗಿ ಬಂದರು. ಮೇಲ್ಮನವಿ ಕೇಳಬೇಕೆಂದರೆ ಮೊದಲು ಒಂದು ತಕರಾರು ದಾಖಲಾಗಿರಬೇಕಂತೆ. ಅದು ಇರಲಿಲ್ಲ. ಈಗ ನಾವು ಒಂದು ಕ್ಷೇತ್ರದ ಕೊನೆಯ ಊರು, ಅವರು ಇನ್ನೊಂದರ ಕೊನೆಯ ಊರು. ಮತಗಟ್ಟೆಗಳೂ ತಂತಮ್ಮ ಊರಿಗೆ ಮರಳಿದವು. ಕಳೆದ ಮಳೆಗೆ ಹಳ್ಳದ ಕಾಲುಸೇತುವೆ ಕುಸಿಯಿತು. ಅದನ್ನು ಕಟ್ಟಬೇಕಾದವರು ಆಚೆಯವರು ಎಂದು ಎರಡೂ ಕಡೆಯ ಅಭ್ಯರ್ಥಿಗಳು ಪ್ರಚಾರದುದ್ದಕ್ಕೂ ಹೇಳುತ್ತ ಬಂದರು.

ಇವತ್ತು ಬೆಳಿಗ್ಗೆ ನಾನು ದೊಡ್ಡಮ್ಮನನ್ನು ನಮ್ಮೂರ ಶಾಲೆಗೇ ಕರೆದುಕೊಂಡು ಹೋದೆ. ಎಲ್ಲ ಪರಿಚಿತ ಮುಖಗಳು, ಯಾರೂ ಯಾರನ್ನೂ ಬನ್ನಿ ಎನ್ನಲಿಲ್ಲ. ಮತ ಹಾಕಿ ಮನೆಗೆ ಮರಳಿದಾಗ ನೆರಳು ಇನ್ನೂ ಉದ್ದವಾಗಿತ್ತು. “ಇಷ್ಟಕ್ಕ ಮುಗೀತೇನು?” ಎಂದಳು ದೊಡ್ಡಮ್ಮ. ಗಂಟೆ ಹೊಡೆಯಿತು, ಕದ ಹಾಕಿಕೊಂಡೆವು. ಅವಳು ಗೋಡೆಗೆ ಒರಗಿ ಕೂತಿದ್ದಾಳೆ. ಬೈಯಲು ಅವಳ ಸೊಸೆ ಎದುರಿಗೇ ಇದ್ದಾಳೆ, ಆದರೆ ಆ ಬೈಗುಳ ಕೇಳಿ ನಗುವವರಿಲ್ಲ.

ಆದ್ದರಿಂದ ಈ ಕಾಗದ. ನಿಮ್ಮ ಕಾಲದಲ್ಲೂ ನಕ್ಷೆ ಹಿಡಿದವರು ಬರುತ್ತಾರೆ. ಅವರನ್ನು ಹೀಗಳೆಯಬೇಡಿ, ನೀರು ಕೊಡಿ, ನೆರಳಲ್ಲಿ ಕೂರಿಸಿ. ಆದರೆ ಅವರು ಕೇಳಿದಾಗ ಒಂದು ಗಳಿಗೆ ಸಂಕೋಚ ಬಿಟ್ಟು, ಇವರ ಜೊತೆಗೇ ಇರುತ್ತೇವೆ ಎಂದು ಹೇಳಿಬಿಡಿ. ಪಕ್ಕದೂರಿನವರು ಹೇಳುತ್ತಾರೆಂದು ಕಾಯಬೇಡಿ. ಅವರೂ ನಿಮಗಾಗಿ ಕಾಯುತ್ತಿರುತ್ತಾರೆ.

ನಾಲ್ಕಾಗುತ್ತ ಬಂತು. ದೊಡ್ಡಮ್ಮ ಚಪ್ಪಲಿ ಹುಡುಕುತ್ತಿದ್ದಾಳೆ, ಕೋಲು ಎಲ್ಲಿ ಎನ್ನುತ್ತಿದ್ದಾಳೆ. ಎಲ್ಲಿಗೆ ಎಂದು ನಾನು ಕೇಳುವುದಿಲ್ಲ. ಸೇತುವೆಯಿಲ್ಲ, ಆದರೆ ಹಳ್ಳದಲ್ಲಿ ಈಗ ನೀರು ಮೊಣಕಾಲಿನವರೆಗೆ ಮಾತ್ರ. ಕೈಹಿಡಿದು ದಾಟಿಸಬಹುದು.

ನಿಮ್ಮ ನಂತರ ಇಲ್ಲಿಗೆ ಬಂದವಳು,
ಇರಾವತಿ