ಎದುರು ಮಳಿಗೆಗೆ ಇನ್ನೊಬ್ಬ ದರ್ಜಿ

ಮಳಿಗೆಯ ಮಾಲೀಕರಿಗೆ ನಮಸ್ಕಾರ.

ನನ್ನ ಹಾಗೆಯೇ ಹೊಟ್ಟೆಪಾಡಿಗೆ ಬಂದಿದ್ದ ಎದುರು ಮಳಿಗೆಯ ದರ್ಜಿ ಮೆಷಿನ್ ಕಟ್ಟಿಕೊಂಡು ತನ್ನೂರಿಗೆ ಹೋದ. ಪೀಡೆ ತೊಲಗಿತು, ಇನ್ನು ಅವನ ಗಿರಾಕಿಗಳೂ ನನ್ನವರೇ ಅಂದುಕೊಂಡೆ. ಅವರಿರಲಿ, ನನ್ನ ಗಿರಾಕಿಗಳೇ ಬರುತ್ತಿಲ್ಲ. ದಾರಿಯಲ್ಲಿ ಸಿಕ್ಕ ಹಳೆಯ ಗಿರಾಕಿ ಒಬ್ಬಾಕೆಯನ್ನು ಕೇಳಿದೆ.

"ನೀವಿಬ್ರೂ ಇದ್ದಾಗ ಅಲ್ಲಿ ಇಲ್ಲಿ ಚೌಕಾಸಿ ಮಾಡಿ ಹೊಲಿಸ್ತಿದ್ವಿ. ಒಂದೇ ಅಂಗಡಿಗೆ ಅಷ್ಟು ದೂರ ಯಾರು ಬರ್ತಾರಣ್ಣ?" ಅಂದಳು.

ಹೊಟ್ಟೆಯ ಮೇಲೆ ಹೊಡೆಯುತ್ತಾನೆ ಅಂದುಕೊಂಡಿದ್ದವನೇ ನನ್ನ ಹೊಟ್ಟೆ ತುಂಬಿಸುತ್ತಿದ್ದನೇ? ತಲೆಬುಡ ತಿಳಿಯುತ್ತಿಲ್ಲ.

ಆ ಮಳಿಗೆಯನ್ನು ಮೊಬೈಲ್ ಅಂಗಡಿಗೆ ಕೊಡಬೇಡಿ, ದರ್ಜಿಗೇ ಕೊಡಿ. ನನಗಿಂತ ತುಸು ಕೆಟ್ಟದಾಗಿ ಹೊಲಿಯುವವನಾದರೆ ಒಳ್ಳೆಯದು. ಊರಿಗೆ ಹೋದವನು ಗುಂಡಿಗೆ ಕಾಜಾ ಹಾಕಿಸಲು ನನ್ನ ಬಳಿಗೇ ಬರುತ್ತಿದ್ದ. ಅವನನ್ನೇ ಕರೆಸುವುದಾದರೆ, ನಾನು ಕೇಳಿದೆ ಅಂತ ಮಾತ್ರ ಹೇಳಬೇಡಿ.

ಇತಿ,
ಮೂಲೆ ಮಳಿಗೆಯ ದರ್ಜಿ