ನಾಯಿಗೆ ಹಾಕಿದ ಈರುಳ್ಳಿ

ಮಂಗಳವಾರ, ಮಾರ್ಚ್ ೧೪
ಸಂಜೆ ಐದೂವರೆ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀಯ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇವರು ತೀರಿಹೋದ ಮೇಲೆ ಪೆನ್ನು ಹಿಡಿದರೆ ದಿನಚರಿಯಲ್ಲಿ ನಾಲ್ಕು ಸಾಲು, ಅಷ್ಟೇ. ಇವತ್ತು ಆಸ್ಪತ್ರೆಯ ಅಡುಗೆಮನೆ ಕೆಲಸಕ್ಕೆ ರಜೆ ಹಾಕಿದೆ. ಬೆಳಗ್ಗೆಯಿಂದ ಪಶುವೈದ್ಯರ ಬಾಗಿಲಲ್ಲಿ ಕೂತು ಈಗ ಬಂದೆ.

ಇವರ ನಾಯಿ, ನಮ್ಮ ಸಾಹೇಬ, ಇವರು ಹೋದಾಗಿನಿಂದ ಬಟ್ಟಲಿಗೆ ಸರಿಯಾಗಿ ಬಾಯಿ ಹಾಕುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೆಚ್ಚಿ ಮಿಕ್ಕ ತರಕಾರಿಯನ್ನು ಕೆಲಸದವರೇ ಹಂಚಿಕೊಳ್ಳುತ್ತೇವಲ್ಲ, ನನ್ನ ಪಾಲಿನ ಕ್ಯಾರೆಟ್, ಹುರುಳಿಕಾಯಿ, ಕುಂಬಳಕಾಯಿ ಬೇಯಿಸಿಟ್ಟೆ. ಮೂಸಿ ಮಲಗಿತು. ಒಂದು ದಿನ ಮೇಲೆ ಈರುಳ್ಳಿ ಹುರಿದು ಹಾಕಿದೆ. ವಾಸನೆಗೆ ಎದ್ದು ಬಂದು ಬಟ್ಟಲು ನೆಕ್ಕಿತು. ಅವತ್ತು ನನಗೂ ಊಟ ಸೇರಿತು. ಆಮೇಲೆ ದಿನಾ ಒಂದು ಹಿಡಿ ಹಾಕಿದೆ. ನನ್ನ ಜೊತೆ ತರಕಾರಿ ಹೆಚ್ಚುವ ದಪ್ಪಕ್ಕ, “ನಾಯಿಗೂ ಒಗ್ಗರಣೆನಾ? ನಾಳೆ ಉಪ್ಪು ಕಮ್ಮಿ ಅನ್ನುತ್ತೆ ನೋಡು” ಎಂದು ನಗುತ್ತಿದ್ದಳು.

ಮೂರು ದಿನದಿಂದ ಮೆಟ್ಟಿಲು ಹತ್ತಿದರೆ ಅದಕ್ಕೆ ಏದುಸಿರು. ಇವತ್ತು ಉಚ್ಚೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ತುಟಿ ಎತ್ತಿ ನೋಡಿದರೆ ಒಸಡು ಸುಣ್ಣದ ಹಾಗೆ ಬಿಳಿಚಿದೆ. ಏನೇನು ಹಾಕಿದಿರಿ ಎಂದು ಕೇಳಿದರು. ಬರೀ ತರಕಾರಿ ಎಂದು ಹೆಮ್ಮೆಯಿಂದಲೇ ಒಂದೊಂದಾಗಿ ಹೇಳಿದೆ. ಕ್ಯಾರೆಟ್ಟಿಗೆ, ಹುರುಳಿಕಾಯಿಗೆ, ಕುಂಬಳಕ್ಕೆ ತಲೆಯಾಡಿಸಿದರು. ಈರುಳ್ಳಿ ಎಂದಾಗ ಬರೆಯುವುದನ್ನು ನಿಲ್ಲಿಸಿದರು.

“ಅಮ್ಮಾ, ಈರುಳ್ಳಿ ನಾಯಿಗೆ ವಿಷ. ರಕ್ತಕಣ ಒಡೆದುಹೋಗುತ್ತೆ. ಹುರಿದ್ರೂ ಅಷ್ಟೇ, ಬೇಯಿಸಿದ್ರೂ ಅಷ್ಟೇ.”

ನನ್ನ ಕೈಯಾರೆ, ಅಕ್ಕ, ಹದಿನೆಂಟು ದಿನ. ಬಾಲ ಆಡಿಸಿಕೊಂಡು ತಿಂದಿತು. ಡ್ರಿಪ್ ಹಾಕಿ ಅಲ್ಲೇ ಇರಿಸಿಕೊಂಡಿದ್ದಾರೆ. ಉಳಿಯುತ್ತಾ ಎಂದು ಕೇಳಿದ್ದಕ್ಕೆ, ರಕ್ತ ಇನ್ನೂ ಕಡಿಮೆಯಾಗದಿದ್ದರೆ ಉಳಿಯುತ್ತೆ ಎಂದರು.

ನಿನ್ನ ಮಂಡಿ ನೋವು ಹೇಗಿದೆ? ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಎಲ್ಲರೂ ತಣ್ಣಗಿರಲಿ.

ನಿನ್ನ ತಂಗಿ

ಇನ್ನೊಂದು ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹೊರಡುವಾಗ ಡಾಕ್ಟರು, “ನಿಮ್ಮ ಯಜಮಾನರಿಗೆ ಗೊತ್ತಿತ್ತಲ್ಲ, ಅದು ಮರಿ ಇದ್ದಾಗಲೇ ಹೇಳಿದ್ದೆ” ಎಂದರು. ಒಂಬತ್ತು ವರ್ಷ ಇವರು ತಮ್ಮ ತಟ್ಟೆಯಿಂದ ಒಂದೊಂದೇ ಈರುಳ್ಳಿ ಹೆಕ್ಕಿ ಅಂಚಿಗಿಟ್ಟು, ಒಂದಿಷ್ಟು ಅನ್ನ ಸಾಹೇಬನಿಗೆ ಹಾಕುತ್ತಿದ್ದರು. ಇವರಿಗೆ ನನ್ನ ಅಡುಗೆ ಸೇರುವುದಿಲ್ಲ, ಅದಕ್ಕೇ ನಾಯಿಗೆ ಹಾಕುತ್ತಾರೆ ಎಂದುಕೊಂಡೆ. “ಬೇಕಾದ್ರೆ ನೀವೇ ಬಡಿಸ್ಕೊಳ್ಳಿ” ಎಂದು ಎದ್ದುಹೋದವಳು ಕೊನೆಯ ಎರಡು ವರ್ಷ ಅವರ ಜೊತೆ ಕೂತು ಉಣ್ಣಲೇ ಇಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಾಳೆ ಬೆಳಗ್ಗೆ ಎಂಟೂವರೆಗೆ ಮತ್ತೆ ರಕ್ತ ಪರೀಕ್ಷೆ.